ನೇರ ಮಾತು ಆಡುವುದು, ಕೇಳಿಸಿಕೊಳ್ಳುವುದು: ಸಭೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಎಲ್ಲರೂ ಕೈ ಮುಗಿದು ಸ್ತೋತ್ರ ಹೇಳುತ್ತೇವೆ. ಗೇಟು ದಾಟಿದ ಮೇಲೆ ಮನಸ್ಸಿನ ಮಾತು ಶುರುವಾಗುತ್ತದೆ. ಅಯ್ಯನವರ ಪ್ರಸಂಗ ಉದ್ದವಾಯಿತು, ಇವರ ಮಗ ಯಾರ ಜೊತೆಯೋ ಓಡಾಡುತ್ತಿದ್ದಾನೆ, ಅವರು ಕಮಿಟಿಯಲ್ಲಿ ಹೇಳಿದ್ದು ಸರಿಯಿಲ್ಲ. ಎಲ್ಲರಿಗೂ ಹೇಳುತ್ತೇವೆ, ಯಾರಿಗೆ ಹೇಳಬೇಕೋ ಅವರೊಬ್ಬರನ್ನು ಬಿಟ್ಟು. ನಾನೂ ಹಾಗೆ ಮಾಡಿದ್ದೇನೆ, ನನಗೂ ಹಾಗೆ ಆಗಿದೆ, ಎರಡೂ ಕಡೆ ನೋವು ಏನು ಅಂತ ಗೊತ್ತು. ಯೌವನಸ್ಥರ ಕೂಟದಲ್ಲಿ, ಸ್ತ್ರೀಯರ ಕೂಟದಲ್ಲಿ, ಮನೆ ಪ್ರಾರ್ಥನೆ ಮುಗಿದು ಕಾಫಿ ಕುಡಿಯುವಾಗ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಾನು ದೊಡ್ಡ ಬೋಧಕಿ ಅಲ್ಲ, ಭಾನುವಾರ ಶಾಲೆಯಲ್ಲಿ ಕಲಿಸುವ ಸದಸ್ಯೆ ಅಷ್ಟೆ. ವಚನಗಳನ್ನು ನೀವೇ ಬೈಬಲ್ ತೆಗೆದು ನೋಡಿ.

ಕ್ರೈಸ್ತರು ಅಂದಮೇಲೆ ಎಲ್ಲವನ್ನೂ ಮುಖಕ್ಕೆ ಹೇಳಲೇಬೇಕಾ?

ಇಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳುವುದು ಪ್ರಾಮಾಣಿಕತೆ ಅಲ್ಲ, ಅದು ಬರೀ ಬಾಯಿ. ಯಾರದೋ ಮಗಳ ಬಟ್ಟೆ, ಯಾರದೋ ಮನೆಯ ಹೊಸ ಕಾರು, ಯಾರೋ ದಪ್ಪ ಆಗಿದ್ದಾರೆ ಅನ್ನುವುದು ನಿಮಗೆ ಯಾಕೆ? ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಪೂರ್ತಿ ಓದಿ. ಪ್ರೀತಿಯಿಂದ ಸತ್ಯ ಆಡಿ ಅನ್ನುವ 15ನೇ ವಚನ ಎಲ್ಲರಿಗೂ ಬಾಯಿಪಾಠ. ಆದರೆ 25ನೇ ವಚನ ಕಾರಣ ಹೇಳುತ್ತದೆ: ಸುಳ್ಳು ಬಿಡಿ, ನಾವು ಒಬ್ಬರಿಗೊಬ್ಬರು ಅಂಗಗಳಲ್ಲವೇ. ಕಾಲಿಗೆ ಮುಳ್ಳು ಚುಚ್ಚಿದರೆ ಕಣ್ಣು ನೋಡುತ್ತದೆ, ಕೈ ತೆಗೆಯುತ್ತದೆ. ಕಾಲಿನ ಅಂದಚಂದದ ಬಗ್ಗೆ ಕಣ್ಣು ಮಾತಾಡುವುದಿಲ್ಲ. 29ನೇ ವಚನ ಇನ್ನೂ ಬಿಗಿ ಮಾಡುತ್ತದೆ, ಕೇಳುವವರ ಅಗತ್ಯಕ್ಕೆ ತಕ್ಕ ಮಾತು ಮಾತ್ರ ಬಾಯಿಂದ ಬರಲಿ ಅಂತ. ಅಗತ್ಯ ಅವರದು, ನಮ್ಮದಲ್ಲ.

ನಾನು ಕೇಳಿಕೊಳ್ಳುವುದು ಇಷ್ಟು. ಇದರಿಂದ ಅವರಿಗೆ ಹಾನಿ ಆಗುತ್ತಿದೆಯಾ, ಅವರಿಂದ ಬೇರೆಯವರಿಗೆ ಹಾನಿ ಆಗುತ್ತಿದೆಯಾ, ಅಥವಾ ನನ್ನ ಮತ್ತು ಅವರ ಮಧ್ಯೆ ಏನೋ ಮುರಿದಿದೆಯಾ? ಮೂರೂ ಇಲ್ಲದಿದ್ದರೆ ಸುಮ್ನೆ ಇದ್ದುಬಿಡುತ್ತೇನೆ.

ಹೇಳಿದರೆ ನಿಷ್ಠುರ ಆಗುತ್ತದಲ್ಲ?

ಆಗುತ್ತದೆ. ಆಗಲ್ಲ ಅಂತ ಹೇಳಿದರೆ ನಾನೇ ಸುಳ್ಳು ಹೇಳಿದಂತೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ನಮ್ಮಲ್ಲಿ ನಿಷ್ಠುರ ಕಟ್ಟಿಕೊಳ್ಳುವುದು ಅಂತ ಒಂದು ಮಾತಿದೆ, ಬುತ್ತಿ ಕಟ್ಟಿಕೊಂಡ ಹಾಗೆ ಅದನ್ನು ನಾವೇ ಹೊತ್ತು ತಿರುಗಬೇಕು. ಅದಕ್ಕೆ ಹೆದರಿ ಸುಮ್ಮನಿರುತ್ತೇವೆ, ಆ ಸುಮ್ಮನಿರುವುದಕ್ಕೆ ಪ್ರೀತಿ ಅಂತ ಹೆಸರು ಇಡುತ್ತೇವೆ.

ಯಾಜಕಕಾಂಡ 19ನೇ ಅಧ್ಯಾಯದಲ್ಲಿ ಮೂರು ವಚನ ಸಾಲಾಗಿ ಬರುತ್ತವೆ, ನನ್ನ ಕಣ್ಣು ತೆರೆಸಿದ್ದು ಅವೇ. 16ರಲ್ಲಿ ಚಾಡಿ ಹೇಳಿಕೊಂಡು ತಿರುಗಬೇಡ ಅಂತ ಇದೆ. 17ರಲ್ಲಿ ನಿನ್ನ ಸಹೋದರನನ್ನು ಮನಸ್ಸಿನೊಳಗೇ ದ್ವೇಷಿಸಬೇಡ, ಅವನ ತಪ್ಪನ್ನು ಅವನಿಗೇ ತೋರಿಸು ಅಂತ ಇದೆ. 18ರಲ್ಲಿ ಎಲ್ಲರಿಗೂ ಗೊತ್ತಿರುವ ಮಾತು, ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಯೇಸು ದೊಡ್ಡ ಆಜ್ಞೆಗಳಲ್ಲಿ ಒಂದು ಅಂತ ಎತ್ತಿ ಹೇಳಿದ್ದು ಇದನ್ನೇ. ಆ ಆಜ್ಞೆಯ ಪಕ್ಕದ ಮನೆಯಲ್ಲೇ ತಪ್ಪು ತೋರಿಸು ಅನ್ನುವ ಆಜ್ಞೆ ಇದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಆಗುವುದಿಲ್ಲ ಅಲ್ವಾ? ಹೇಳದೆ ಇದ್ದರೆ ಏನಾಗುತ್ತದೆ ಅನ್ನುವುದೂ ಅಲ್ಲೇ ಇದೆ. ಮಾತು ಒಳಗೆ ಕೊಳೆತು ದ್ವೇಷ ಆಗುತ್ತದೆ, ಅಥವಾ ಹೊರಗೆ ಬಂದು ಚಾಡಿ ಆಗುತ್ತದೆ.

ಹಾಗಾದರೆ ಮೊದಲು ಯಾರ ಹತ್ತಿರ ಹೇಳಬೇಕು?

ಅವರ ಹತ್ತಿರವೇ. ಮತ್ತಾಯ 18:15. ನೀನು, ಅವನು, ಇಬ್ಬರೇ ಇರುವಾಗ. ಅವನು ಕೇಳಿದರೆ ವಿಷಯ ಅಲ್ಲಿಗೆ ಮುಗಿಯಿತು, ಮೂರನೆಯವರಿಗೆ ಗೊತ್ತೇ ಆಗುವುದಿಲ್ಲ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆ. ನಾವು ಇದನ್ನು ಪೂರ್ತಿ ತಲೆಕೆಳಗೆ ಮಾಡುತ್ತೇವೆ. ಮೊದಲು ಊರಿಗೆಲ್ಲ ಗೊತ್ತಾಗುತ್ತದೆ, ಕೊನೆಗೆ ಅವರಿಗೆ.

ಇಲ್ಲಿ ಒಂದು ವಿಷಯ ಖಡಕ್ಕಾಗಿ ಹೇಳಲೇಬೇಕು. ಪ್ರಾರ್ಥನಾ ವಿನಂತಿ ಅನ್ನುವ ಹೆಸರಿನಲ್ಲಿ ಚಾಡಿ ಹೇಳುವುದನ್ನು ನಿಲ್ಲಿಸೋಣ. "ಆ ಸಿಸ್ಟರ್ ಮನೆಯಲ್ಲಿ ಗಂಡ ಹೆಂಡತಿ ಸರಿಯಿಲ್ಲ ಅಂತೆ, ಪ್ರಾರ್ಥನೆ ಮಾಡಿ" ಅಂತ ವಾಟ್ಸಾಪ್ ಗ್ರೂಪಿಗೆ ಹಾಕಿದರೆ, ಮಂಡಿಯೂರುವವರು ಇಬ್ಬರು, ಫೋನ್ ಮಾಡಿ "ಏನಾಯಿತಂತೆ?" ಅಂತ ವಿಚಾರಿಸುವವರು ಇಪ್ಪತ್ತು ಜನ. ಆ ಸಿಸ್ಟರ್ ಒಪ್ಪಿಗೆ ಕೊಟ್ಟಿದ್ದಾರಾ? ಇಲ್ಲ ಅಂದರೆ ಹೆಸರು ಹೇಳಬೇಡಿ. ದೇವರಿಗೆ ವಿಳಾಸ ಗೊತ್ತಿದೆ.

ಪೌಲ ಪೇತ್ರನಿಗೆ ಎಲ್ಲರ ಮುಂದೆಯೇ ಹೇಳಿದನಲ್ಲ?

ಹೌದು, ಗಲಾತ್ಯ 2:11ರಿಂದ. ಯಾರಿಗಾದರೂ ಕಮಿಟಿಯಲ್ಲಿ ಎದ್ದು ನಿಂತು ಬೈಯಬೇಕು ಅನ್ನಿಸಿದಾಗ ತಕ್ಷಣ ನೆನಪಾಗುವ ವಚನ ಇದು. ಅಲ್ಲಿ ಏನು ನಡೆಯಿತು ಅನ್ನುವುದನ್ನು ಮಾತ್ರ ನಾವು ಪೂರ್ತಿ ಓದುವುದಿಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು. ಅವರಿಗೆ ಹೆದರಿ ಪೇತ್ರ ಪಂಕ್ತಿಯಿಂದ ಎದ್ದ. ಅವನನ್ನು ನೋಡಿ ಬೇರೆ ಯೆಹೂದ್ಯರೂ ಎದ್ದರು, ಪೌಲನ ಜೊತೆಗಾರ, ಬಾರ್ನಬನಂಥ ಬಾರ್ನಬನೂ ಎದ್ದ. ತಪ್ಪು ನಡೆದದ್ದು ಎಲ್ಲರ ಮುಂದೆ, ಅವಮಾನ ಆದದ್ದು ಎಲ್ಲರ ಮುಂದೆ, ಅದಕ್ಕೇ ಪೌಲ ಎಲ್ಲರ ಮುಂದೆ ಹೇಳಿದ.

ಊಟದ ಪಂಕ್ತಿಯ ಮಾತು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಯಾರ ಜೊತೆ ಕೂತು ಉಣ್ಣುತ್ತಾರೆ, ಯಾರ ಮನೆಯಿಂದ ಹೆಣ್ಣು ತರುತ್ತಾರೆ ಅನ್ನುವುದರಲ್ಲಿ ಜಾತಿ ನಮ್ಮ ಸಭೆಗಳೊಳಗೂ ಬಂದು ಕೂತಿದೆ. ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಂಡು ಮದುವೆ ಮಾತು ಬಂದಾಗ "ಅವರು ಮೊದಲು ಯಾವ ಜನ?" ಅಂತ ಕೇಳುವವರಿದ್ದಾರೆ. ಇಂಥ ತಪ್ಪಿಗೆ ಪೌಲನ ದಾರಿ ಬೇಕು, ಎಲ್ಲರ ಮುಂದೆ, ಸ್ಪಷ್ಟವಾಗಿ. ನಾವು ಮಾಡುವುದು ಉಲ್ಟಾ. ಸ್ವಂತ ಸಿಟ್ಟನ್ನು ಸಭೆಯ ಮುಂದೆ ತೆಗೆಯುತ್ತೇವೆ, ಇದರ ಬಗ್ಗೆ ಮಾತ್ರ ತಗ್ಗಿದ ದನಿಯಲ್ಲಿ ಮಾತಾಡುತ್ತೇವೆ.

ಇನ್ನೊಂದು ಕಡೆ, ಅಪೊಸ್ತಲರ ಕೃತ್ಯಗಳು 18:26ರಲ್ಲಿ ಅಪೊಲ್ಲೋಸ ಸಭಾಮಂದಿರದಲ್ಲಿ ಚೆನ್ನಾಗಿ ಬೋಧನೆ ಮಾಡುತ್ತಿದ್ದ, ಅವನಿಗೆ ಗೊತ್ತಿದ್ದದ್ದು ಸ್ವಲ್ಪ ಕಡಿಮೆ. ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿ ಅಲ್ಲೇ ಎದ್ದು ತಿದ್ದಲಿಲ್ಲ. ತಮ್ಮ ಜೊತೆ ಕರೆದುಕೊಂಡು ಹೋಗಿ ವಿವರವಾಗಿ ಹೇಳಿಕೊಟ್ಟರು. ಅವನ ಮರ್ಯಾದೆ ಉಳಿಯಿತು, ಬೋಧನೆಯೂ ಸರಿಯಾಯಿತು.

ವಯಸ್ಸಿನಲ್ಲಿ ದೊಡ್ಡವರಿಗೆ ಹೇಗೆ ಹೇಳುವುದು?

1 ತಿಮೊಥೆಯ 5:1 ನೋಡಿ. ಹಿರಿಯರನ್ನು ಗದರಿಸಬೇಡ, ತಂದೆಗೆ ಹೇಳುವ ಹಾಗೆ ಬೇಡಿಕೊಂಡು ಹೇಳು. ಹೇಳಬೇಡ ಅಂತ ಅಲ್ಲಿ ಇಲ್ಲ, ಗಮನಿಸಿ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇಕಾದ ದಾರಿಯೆಲ್ಲ ಇದೆ. "ದೊಡ್ಡಪ್ಪ, ನಿಮ್ಮ ಹತ್ತಿರ ಒಂದು ಮಾತು ಹೇಳಬೇಕಿತ್ತು, ಯಾವಾಗ ಬರಲಿ?" ಅಂತ ಮೊದಲು ಕೇಳಿ. ಅವರ ಮನೆಗೆ ಹೋಗಿ, ನಿಮ್ಮ ಮನೆಗೆ ಕರೆಸಬೇಡಿ. ಮೊಮ್ಮಕ್ಕಳು, ಸೊಸೆಯಂದಿರು ಎದುರಿಗೆ ಇರಬಾರದು. "ನೀವು ಯಾವಾಗಲೂ ಹೀಗೇ" ಅನ್ನುವ ಬದಲು "ಹೋದ ವಾರ ಅವಳಿಗೆ ನೀವು ಹೇಳಿದ ಮಾತಿಗೆ ಅವಳು ರಾತ್ರಿಯೆಲ್ಲ ಅತ್ತಳು, ನಿಮಗೆ ಗೊತ್ತಾಗಲಿ ಅಂತ ಬಂದೆ" ಅನ್ನಿ. ನಡೆದದ್ದು ಒಂದು, ಅದನ್ನು ಹೇಳಿ ನಿಲ್ಲಿಸಿ. ಹತ್ತು ವರ್ಷದ ಹಳೆಯ ಗಂಟು ಬಿಚ್ಚಬೇಡಿ.

ಪ್ರವಾದಿ ನಾತಾನ ದಾವೀದನ ಹತ್ತಿರ ಹೋದದ್ದನ್ನು 2 ಸಮುವೇಲ 12ರಲ್ಲಿ ಓದಿ. ಎದುರಿಗೆ ಅರಸ, ಊರೀಯನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಕೊಲ್ಲಿಸಿದವನು. ಬಡವನ ಒಂದೇ ಒಂದು ಹೆಣ್ಣು ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕಥೆಯನ್ನು ನಾತಾನ ಹೇಳಿದ. ದಾವೀದನೇ ಕೋಪಗೊಂಡು ತೀರ್ಪು ಕೊಟ್ಟ ಮೇಲೆ "ಆ ಮನುಷ್ಯ ನೀನೇ" ಅಂದ. ಎಷ್ಟೋ ಜನ ಕಥೆಯನ್ನಷ್ಟೇ ಹೇಳಿ, ಸೂಚ್ಯವಾಗಿ ಚುಚ್ಚಿ ಎದ್ದು ಬರುತ್ತಾರೆ. "ನೀನೇ" ಅನ್ನುವ ಆ ಕೊನೆಯ ಮಾತು ಇಲ್ಲದಿದ್ದರೆ ಅದು ಕೊಂಕು ಮಾತ್ರ.

ದೊಡ್ಡವರು ಚಿಕ್ಕವರಿಗೆ ಹೇಳುವುದಕ್ಕೂ ಒಂದು ಒಳ್ಳೆಯ ಮಾದರಿ ಇದೆ, ವಿಮೋಚನಕಾಂಡ 18ರಲ್ಲಿ ಮಾವ ಇತ್ರೋನ ಅಳಿಯ ಮೋಶೆಗೆ ಹೇಳಿದ್ದು. ಮೊದಲು ಕೂತು ಅವನ ಕಷ್ಟಸುಖ ಕೇಳಿದ, ಸಂತೋಷಪಟ್ಟ, ಜೊತೆಗೆ ಊಟ ಮಾಡಿದ. ಮಾರನೆಯ ದಿನ ಅವನ ಕೆಲಸ ನೋಡಿದ. ಆಮೇಲೆ, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ಸವೆದು ಹೋಗುತ್ತೀಯ ಅಂದ. ಜೊತೆಗೆ ಏನು ಮಾಡಬೇಕು ಅನ್ನುವುದನ್ನೂ ಹೇಳಿದ.

ಅಯ್ಯನವರಿಗೆ, ಪಾಸ್ಟರಿಗೆ, ಫಾದರಿಗೆ ಹೇಳಬಹುದಾ?

ಹೇಳಬಹುದು. ಪ್ರಸಂಗ ಮುಗಿಸಿ ಬೆವರು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿರುವಾಗ ಬೇಡ, ವಾರದ ಮಧ್ಯೆ ಸಮಯ ಕೇಳಿ ಹೋಗಿ. ಆರೋಪ ಅಂತ ಆದರೆ ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡ ಅಂತ 1 ತಿಮೊಥೆಯ 5:19 ಹೇಳುತ್ತದೆ. ಲೆಕ್ಕದ ಪ್ರಶ್ನೆ ಇದ್ದರೆ ವಾರ್ಷಿಕ ಸಭೆಯಲ್ಲಿ ಧೈರ್ಯವಾಗಿ ಕೇಳಿ, ಅದು ಅವಿಶ್ವಾಸ ಅಲ್ಲ. ಪೌಲನೇ ಯೆರೂಸಲೇಮಿನ ಬಡವರಿಗೆ ಹಣ ಸೇರಿಸುವಾಗ ಒಬ್ಬನೇ ಇಟ್ಟುಕೊಳ್ಳಲಿಲ್ಲ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಸಭೆಗಳು ಒಪ್ಪಿದವರನ್ನು ಜೊತೆಗೆ ಸೇರಿಸಿಕೊಂಡ, 2 ಕೊರಿಂಥ 8:20-21.

ಯಾರಾದರೂ ನನಗೇ ಹೇಳಿದರೆ ಏನು ಮಾಡಲಿ? ಸಿಟ್ಟು ಬರುತ್ತದೆ.

ನನಗೂ ಬಂತು. ನಡೆದದ್ದನ್ನೇ ಹೇಳುತ್ತೇನೆ.

ಒಂದು ವರ್ಷ ಸುಗ್ಗಿ ಹಬ್ಬದ ಹರಾಜಿನ ಹಣ ನನ್ನ ಕೈಯಲ್ಲಿತ್ತು. ಬಾಳೆಗೊನೆ, ಕುಂಬಳಕಾಯಿ, ಕೋಳಿ, ಮನೆಯಲ್ಲಿ ಮಾಡಿದ ಕೇಕು, ಎಲ್ಲ ಕೂಗಿ ಮಾರಿದ ಹಣ. ಅವತ್ತೇ ಖಜಾಂಚಿಗೆ ಕೊಡಬೇಕಿತ್ತು. ಮನೆಯಲ್ಲಿ ನೆಂಟರಿದ್ದರು, ಕೊಡಲಿಲ್ಲ. ನನ್ನ ಪರ್ಸಿನಲ್ಲೇ ಇತ್ತು. ಮಧ್ಯೆ ಗ್ಯಾಸಿನವನು ಬಂದ, ಅದರಿಂದಲೇ ತೆಗೆದು ಕೊಟ್ಟೆ, ಆಮೇಲೆ ಹಾಕಿದರಾಯಿತು ಅಂತ. ಒಂಬತ್ತು ದಿನ ಹೀಗೇ ಹೋಯಿತು. ಸಭೆಯ ಒಬ್ಬ ವಯಸ್ಸಾದ ಆಂಟಿ, ಸಂಜೆ ಹೊತ್ತು ಒಬ್ಬರೇ ಮನೆಗೆ ಬಂದರು. ಕಾಫಿ ಕುಡಿದರು. ಲೋಟ ಕೆಳಗಿಟ್ಟು ಹೇಳಿದರು: "ನೋಡಮ್ಮ, ನಿನ್ನ ಮೇಲೆ ನನಗೆ ಅನುಮಾನ ಇಲ್ಲ. ಆದರೆ ದೇವರ ಹಣ ನಿನ್ನ ಹಣದ ಜೊತೆ ಸೇರಿಸಿ ಇಟ್ಟಿದ್ದೀಯ, ಅದು ತಪ್ಪು. ನಾನು ಇನ್ನೂ ಯಾರಿಗೂ ಹೇಳಿಲ್ಲ, ನಿನಗೇ ಹೇಳುತ್ತಿದ್ದೇನೆ."

ನಾನು ಏನು ಮಾಡಿದೆ ಗೊತ್ತಾ? ಅತ್ತುಬಿಟ್ಟೆ. ಸಭೆಗೆ ನಾನು ಎಷ್ಟು ದುಡಿದಿದ್ದೇನೆ ಅಂತ ಪಟ್ಟಿ ಕೊಟ್ಟೆ. ಬೇರೆಯವರ ಲೆಕ್ಕ ಎಷ್ಟು ಸಲ ತಪ್ಪಿದೆ ಅಂತಲೂ ಹೇಳಿದೆ. ಅವರು ಒಂದಕ್ಕೂ ಉತ್ತರ ಕೊಡಲಿಲ್ಲ. ನನ್ನ ಕೈ ಹಿಡಿದು ಚಿಕ್ಕದಾಗಿ ಪ್ರಾರ್ಥನೆ ಮಾಡಿ ಹೋದರು. ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಎಣಿಸಿದೆ. 340 ರೂಪಾಯಿ ಕಡಿಮೆ ಇತ್ತು, ಯಾವುದಕ್ಕೆ ಖರ್ಚಾಯಿತು ಅಂತ ನೆನಪಿಗೆ ಬರಲೇ ಇಲ್ಲ. ಕದ್ದಿರಲಿಲ್ಲ, ನಿಜ. ಆದರೆ ಕದ್ದವರಿಗೂ ನನಗೂ ಆ ಎಣಿಕೆಯಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಬೆಳಿಗ್ಗೆ ನನ್ನ ಹಣ ಸೇರಿಸಿ ಖಜಾಂಚಿಗೆ ಕೊಟ್ಟೆ, ಏನಾಯಿತು ಅಂತಲೂ ಹೇಳಿದೆ. ಆಂಟಿಯ ಮನೆಗೆ ಹೋಗಲು ಮಾತ್ರ ಎರಡು ವಾರ ಬೇಕಾಯಿತು. ನೀತಿವಂತನು ನನ್ನನ್ನು ಹೊಡೆದರೆ ಅದು ಉಪಕಾರ, ತಲೆಗೆ ಎಣ್ಣೆ ಹಚ್ಚಿದ ಹಾಗೆ ಅಂತ ಕೀರ್ತನೆ 141:5ರಲ್ಲಿ ಓದಿದಾಗಲೆಲ್ಲ ನನಗೆ ಆ ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳುತ್ತದೆ.

ಅದರಿಂದ ಕಲಿತದ್ದು: ಅದೇ ಕ್ಷಣದಲ್ಲಿ ವಾದ ಮಾಡಬೇಡಿ. "ಹೇಳಿದ್ದಕ್ಕೆ ಥ್ಯಾಂಕ್ಸ್, ಯೋಚನೆ ಮಾಡಿ ನಾಳೆ ಮಾತಾಡುತ್ತೇನೆ" ಅನ್ನಿ, ಅಷ್ಟು ಸಾಕು. ಸೂರ್ಯ ಮುಳುಗುವ ಮುಂಚೆ ಕೋಪ ಬಿಡಿ ಅಂತ ಇದೆಯಲ್ಲ ಅಂತ ಕೇಳುತ್ತೀರಿ. ಬಿಡಬೇಕಾದದ್ದು ಕೋಪವನ್ನು, ಉತ್ತರ ಬೆಳಿಗ್ಗೆ ಕೊಡಬಹುದು. ಹೇಳಿದವರ ದನಿ ಸರಿಯಿರಲಿಲ್ಲ, ಅವರೇನು ಸಾಚಾನಾ ಅನ್ನುವ ಮಾತು ಮನಸ್ಸಿಗೆ ಬರುತ್ತದೆ. ಅದನ್ನು ಪಕ್ಕಕ್ಕಿಟ್ಟು, ಹೇಳಿದ್ದರಲ್ಲಿ ನಿಜ ಎಷ್ಟಿದೆ ಅಂತ ಮಾತ್ರ ನೋಡಿ.

ಅವರು ಹೇಳಿದ್ದೇ ಸುಳ್ಳಾಗಿದ್ದರೆ?

ಆಗ ಹನ್ನಳ ಹಾಗೆ ಮಾಡಿ. ಮಗುವಿಗಾಗಿ ಬಾಯೊಳಗೇ ಬೇಡುತ್ತಿದ್ದವಳನ್ನು ಯಾಜಕ ಏಲಿ ಕುಡಿದಿದ್ದಾಳೆ ಅಂದುಕೊಂಡು ಗದರಿಸಿದ. ಅವಳು ಹಾರಾಡಲಿಲ್ಲ, ಒಪ್ಪಿಕೊಂಡು ತಲೆ ತಗ್ಗಿಸಿಯೂ ಹೋಗಲಿಲ್ಲ. ಇಲ್ಲ ಸ್ವಾಮಿ, ನಾನು ಕುಡಿದಿಲ್ಲ, ನೊಂದವಳು, ದೇವರ ಮುಂದೆ ಮನಸ್ಸು ಬಿಚ್ಚುತ್ತಿದ್ದೆ ಅಂದಳು. ಏಲಿಯೂ ಹಟ ಹಿಡಿಯಲಿಲ್ಲ, ಅದೇ ಬಾಯಿಂದ ಆಶೀರ್ವಾದ ಮಾಡಿ ಕಳಿಸಿದ. 1 ಸಮುವೇಲ 1:12ರಿಂದ 17. ತಾಳ್ಮೆ ಅಂದರೆ ಸುಳ್ಳು ಆರೋಪ ನುಂಗುವುದು ಅಂತ ನಮ್ಮ ಹೆಣ್ಣುಮಕ್ಕಳಿಗೆ ಕಲಿಸಿದ್ದೇವೆ. ಹನ್ನಳು ಹಾಗೆ ಮಾಡಲಿಲ್ಲ.

ಮದುವೆ ಸಂಬಂಧಕ್ಕೆ ಹುಡುಗನ ಬಗ್ಗೆ ವಿಚಾರಿಸಿದರೆ ನಿಜ ಹೇಳಬೇಕಾ?

ಹೇಳಬೇಕು. ನಿಮಗೆ ಸ್ವತಃ ಗೊತ್ತಿದ್ದದ್ದನ್ನು ಮಾತ್ರ. "ಕುಡಿಯುತ್ತಾನೆ ಅಂತ ಕೇಳಿದ್ದೇನೆ" ಬೇರೆ, "ಕುಡಿದು ಬಿದ್ದಿದ್ದನ್ನು ನಾನೇ ಎತ್ತಿ ಮನೆಗೆ ಬಿಟ್ಟಿದ್ದೇನೆ" ಬೇರೆ. ಒಂದು ಸಂಬಂಧ ತಪ್ಪಿಸಿದ ಪಾಪ ಯಾಕೆ ಅಂತ ಸುಮ್ಮನಿದ್ದು, ಎರಡು ವರ್ಷದ ಮೇಲೆ ಆ ಹುಡುಗಿ ತವರಿಗೆ ವಾಪಸ್ ಬಂದಾಗ "ನಮಗೆ ಮೊದಲೇ ಗೊತ್ತಿತ್ತು" ಅನ್ನುವವರನ್ನು ನೋಡಿದ್ದೇನೆ. ಸಭೆಯಲ್ಲಿ ಮದುವೆ ಪ್ರಕಟಣೆ ಓದಿ ಅಡ್ಡಿ ಇದ್ದವರು ತಿಳಿಸಿ ಅಂತ ಕೇಳುವುದು ಶಾಸ್ತ್ರಕ್ಕಲ್ಲ. ಕಾನೂನಿನ ಅಡ್ಡಿಗಾಗಿ ಕೇಳುತ್ತಾರೆ ನಿಜ, ಮೊದಲ ಹೆಂಡತಿ ಬದುಕಿದ್ದಾಳೆ ಅನ್ನುವಂಥದ್ದಕ್ಕೆ. ಆದರೂ ಬಾಯಿ ತೆರೆಯಿರಿ ಅಂತ ಸಭೆಯೇ ಕೇಳುವ ಹೊತ್ತು ಅದು.

ದೌರ್ಜನ್ಯ ಆದಾಗಲೂ ಮೊದಲು ಇಬ್ಬರೇ ಕೂತು ಮಾತಾಡಬೇಕಾ?

ಬೇಡ. ಬೇಡವೇ ಬೇಡ. ಹೊಡೆಸಿಕೊಂಡ ಹೆಂಡತಿಗೆ, ಕೈ ಹಾಕಿಸಿಕೊಂಡ ಹುಡುಗಿಗೆ ಮತ್ತಾಯ 18 ತೋರಿಸಿ "ಒಬ್ಬಳೇ ಹೋಗಿ ಮಾತಾಡು" ಅನ್ನುವುದು ಕ್ರೂರತನ. ಅದೇ ಅಧ್ಯಾಯದ 6ನೇ ವಚನದಲ್ಲಿ ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದು ಮೇಲು ಅಂತ ಯೇಸು ಹೇಳಿದ್ದಾರೆ. 18 ವರ್ಷದೊಳಗಿನ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಅದನ್ನು ಕಡ್ಡಾಯ ಮಾಡಿದೆ. ತಿಳಿಸದೆ ಮುಚ್ಚಿಟ್ಟರೆ ಅದೂ ಅಪರಾಧ. ಸಭೆಯ ಹೆಸರು ಹಾಳಾಗುತ್ತದೆ ಅನ್ನುವ ಮಾತಿಗೆ ಕಿವಿ ಕೊಡಬೇಡಿ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತಿಗೆ 112.

ಸಣ್ಣಪುಟ್ಟ ಸುಳ್ಳು ಪರವಾಗಿಲ್ಲ ಅಲ್ವಾ?

"ಅಪ್ಪ ಮನೆಯಲ್ಲಿಲ್ಲ ಅಂತ ಹೇಳು" ಅಂತ ಮಗುವಿನ ಕೈಗೆ ಫೋನ್ ಕೊಡಬೇಡಿ. ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ, ಮತ್ತಾಯ 5:37. ನಮ್ಮವರು ಜಾಸ್ತಿ ಹೇಳುವ ಸುಳ್ಳು ಯಾವುದು ಅಂದರೆ "ನಿಮಗೋಸ್ಕರ ಪ್ರಾರ್ಥನೆ ಮಾಡುತ್ತಿದ್ದೇನೆ". ನಾನು ಈಗ ಆ ಮಾತು ಬಂದ ತಕ್ಷಣ ಅಲ್ಲೇ ನಿಂತು, ರಸ್ತೆಯಾದರೂ ಸರಿ, ಎರಡು ವಾಕ್ಯ ಪ್ರಾರ್ಥನೆ ಮಾಡಿಬಿಡುತ್ತೇನೆ.

ದುಃಖದಲ್ಲಿರುವವರಿಗೆ ಸತ್ಯ ಹೇಳಬೇಕಾ?

ಆವತ್ತು ಬೇಡ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ನೆಲದ ಮೇಲೆ ಸುಮ್ಮನೆ ಅವನ ಜೊತೆ ಕೂತಿದ್ದರು. ಅವರು ಸರಿಯಾಗಿ ನಡೆದುಕೊಂಡದ್ದು ಆ ಏಳು ದಿನ.

ಸಭೆಯಲ್ಲಿ ನೇರ ಮಾತಿಗೆ ಜಾಗ ಮಾಡುವುದು ಹೇಗೆ?

ದೊಡ್ಡ ಸಭೆಯಲ್ಲಿ ಕಷ್ಟ, ಚಿಕ್ಕ ಗುಂಪಿನಲ್ಲಿ ಆಗುತ್ತದೆ. ಮೆಥೋಡಿಸ್ಟ್ ಚಳುವಳಿ ಶುರು ಮಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ 1738ರ ಡಿಸೆಂಬರ್ 25ರಂದು ಇಂಥ ಚಿಕ್ಕ ಗುಂಪುಗಳಿಗೆ ನಿಯಮ ಬರೆದರು. ಯಾಕೋಬ 5:16 ಅದಕ್ಕೆ ಆಧಾರ, ನಿಮ್ಮ ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ. ವಾರಕ್ಕೊಮ್ಮೆ ಸೇರಬೇಕು, ಪ್ರತಿಯೊಬ್ಬರೂ ತಮ್ಮ ಮನಸ್ಸಿನ ಸ್ಥಿತಿ ಮುಚ್ಚುಮರೆ ಇಲ್ಲದೆ ಹೇಳಬೇಕು. ಸೇರಿಸಿಕೊಳ್ಳುವ ಮುಂಚೆಯೇ ಕೇಳುತ್ತಿದ್ದ ಒಂದು ಪ್ರಶ್ನೆ ನನಗೆ ತುಂಬಾ ಇಷ್ಟ: ನಿಮ್ಮ ತಪ್ಪುಗಳನ್ನು ನಿಮಗೆ ಹೇಳಬೇಕು ಅಂತ ನಿಮಗೆ ಆಸೆ ಇದೆಯಾ? ಮೊದಲು ಒಪ್ಪಿಗೆ, ಆಮೇಲೆ ಮಾತು. ವೆಸ್ಲಿಯ ಪರಂಪರೆ ನಮಗೆ ದೂರದ್ದಲ್ಲ. ಮೈಸೂರು, ತುಮಕೂರು ಕಡೆ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳು 1947ರಲ್ಲಿ ಸಿಎಸ್ಐ, ಅಂದರೆ ದಕ್ಷಿಣ ಭಾರತ ಸಭೆ, ಸೇರಿದವು, ಬೀದರ್ ಕಡೆ ಮೆಥೋಡಿಸ್ಟ್ ಸಭೆಗಳು ಇವತ್ತಿಗೂ ಇವೆ. ಆ ಪ್ರಶ್ನೆ ಮಾತ್ರ ಎಲ್ಲೋ ಬಿಟ್ಟುಹೋಗಿದೆ.

ನಾವು ಮೂವರು ಹೆಂಗಸರು ತಿಂಗಳಿಗೆ ಎರಡು ಸಲ ಸೇರುತ್ತೇವೆ. ಕೇಳಿದ್ದನ್ನು ಗಂಡಂದಿರಿಗೂ ಹೇಳುವುದಿಲ್ಲ ಅನ್ನುವುದು ಒಂದೇ ಕರಾರು. ಮೊದಲ ಆರು ತಿಂಗಳು ಬರೀ ಮಕ್ಕಳ ಓದು, ಮಂಡಿ ನೋವು ಇದೇ ಮಾತು. ಒಬ್ಬಳು ತನ್ನ ಅತ್ತೆಯ ಮೇಲಿನ ದ್ವೇಷವನ್ನು ಬಾಯಿಬಿಟ್ಟು ಹೇಳಿದ ದಿನ ಉಳಿದ ಇಬ್ಬರ ಬಾಯಿಯೂ ಬಿಚ್ಚಿತು.

ಹೇಳಿ ಆಯಿತು. ಈಗ ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ತಪ್ಪು ಮಾಡಿದೆನಾ?

ಪೌಲನೂ ಹೀಗೇ ಒದ್ದಾಡಿದ. ಕೊರಿಂಥದವರಿಗೆ ಒಂದು ಖಾರವಾದ ಪತ್ರ ಬರೆದ, ಕಣ್ಣೀರಿಟ್ಟು ಬರೆದೆ ಅಂತ ಅವನೇ ಹೇಳುತ್ತಾನೆ. ಕಳಿಸಿದ ಮೇಲೆ ಪಶ್ಚಾತ್ತಾಪವೂ ಆಯಿತಂತೆ. ತ್ರೋವ ಅನ್ನುವ ಊರಿನಲ್ಲಿ ಸೇವೆಗೆ ಬಾಗಿಲು ತೆರೆದಿದ್ದರೂ ಮನಸ್ಸಿಗೆ ನೆಮ್ಮದಿ ಇಲ್ಲದೆ, ಕೊರಿಂಥದ ಸುದ್ದಿ ತರಬೇಕಿದ್ದ ಜೊತೆಗಾರ ತೀತನನ್ನು ಹುಡುಕಿಕೊಂಡು ಮಕೆದೋನ್ಯಕ್ಕೆ ಹೋದ. ತೀತ ಸಿಕ್ಕಿ ಒಳ್ಳೆಯ ಸುದ್ದಿ ಕೊಟ್ಟ ಮೇಲೆಯೇ ಸಮಾಧಾನ. 2 ಕೊರಿಂಥ 2 ಮತ್ತು 7ನೇ ಅಧ್ಯಾಯ ಒಟ್ಟಿಗೆ ಓದಿ. ಹೇಳಿದವರಿಗೂ ನಿದ್ದೆ ಇರುವುದಿಲ್ಲ, ಅದು ಸಹಜ.

ಹೇಳಿದ ರೀತಿ ಒರಟಾಗಿತ್ತು ಅನ್ನಿಸಿದರೆ ಹೋಗಿ ಆ ರೀತಿಗೆ ಕ್ಷಮೆ ಕೇಳಿ, ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳಬೇಡಿ. ಅವರ ಬಗ್ಗೆ ಬೇರೆ ಯಾರ ಹತ್ತಿರವೂ ಮಾತಾಡಬೇಡಿ. ಕ್ರಿಸ್ಮಸ್ಸಿಗೆ ಕಲ್ಕಲ್ ಸಿಹಿತಿಂಡಿ ಮಾಡಿದಾಗ ಅವರ ಮನೆಗೂ ಡಬ್ಬಿ ಕಳಿಸಿ. ಮನೆಯಲ್ಲಿ ಕಾಯಿಲೆ ಅಂತ ಗೊತ್ತಾದರೆ ಕರೆಯದಿದ್ದರೂ ಹೋಗಿ. ಆಂಟಿ ನನಗೆ ಹೇಳಿದ ಮೇಲೆ ಆ ಎರಡು ವಾರ ನಾನು ಅವರ ಮುಖ ನೋಡಲಿಲ್ಲ. ಎರಡು ಭಾನುವಾರವೂ ಅವರು ಎಂದಿನಂತೆ ನನ್ನ ಬೆಂಚಿನಲ್ಲೇ ಬಂದು ಕೂತು, ಕೀರ್ತನೆ ಪುಸ್ತಕ ತೆರೆದು ನಮ್ಮಿಬ್ಬರ ಮಧ್ಯೆ ಹಿಡಿದಿದ್ದರು.